ಸಿಗರೇಟು ಬಿಡಲು ಸಂಕಲ್ಪವೊಂದೇ ಸಾಕೆ?

ಪ್ರತಿ ವರ್ಷ ಜನವರಿಯ ಮೊದಲ ವಾರದಲ್ಲಿ ಹಾಗೂ ವಿಶ್ವ ತಂಬಾಕುರಹಿತ ದಿನವಾದ ಮೇ 31ರ ಆಸುಪಾಸಿನಲ್ಲಿ ನಿಕೋಟಿನ್ ಗಮ್‌ಗೆ ಬೇಡಿಕೆ ತುಸು ಏರುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಇಳಿಯುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಎರಡು ದಶಕಗಳಿಂದ ಔಷಧದ ಅಂಗಡಿ ನಡೆಸುತ್ತಿರುವ ನನಗೆ ಈ ಏರಿಳಿತ ಹಬ್ಬಹರಿದಿನಗಳಷ್ಟೇ ಪರಿಚಿತ. ಕೊಳ್ಳುವವರಲ್ಲಿ ಹೆಚ್ಚಿನವರು ಕೊಳ್ಳುವುದು ಒಂದೇ ಸ್ಟ್ರಿಪ್, ಅಂದರೆ ಹತ್ತು ಗಮ್‌ಗಳ ಆಸುಪಾಸು. ಎರಡನೆಯದಕ್ಕೆ ಅವರು ಬರುವುದಿಲ್ಲ. ಕೆಲವು ದಿನಗಳ ನಂತರ ಅದೇ ಮುಖಗಳು ರಸ್ತೆಯಾಚೆಯ ಬೀಡಾ ಅಂಗಡಿಯ ಮುಂದೆ ಕಾಣಿಸುತ್ತವೆ. ಏನಾಯಿತೆಂದು ವಿಚಾರಿಸಿದರೆ ಸಿಗುವುದು ಎರಡೇ ಉತ್ತರ. ‘ಅದು ಕೆಲಸ ಮಾಡ್ಲಿಲ್ಲ ಸಾರ್’ ಎಂಬುದು ಒಂದು. ‘ನಮಗೆ ಮನಸ್ಸು ಗಟ್ಟಿ ಇಲ್ಲ ಬಿಡಿ ಸಾರ್’ ಎಂಬುದು ಇನ್ನೊಂದು.

ಎರಡು ಉತ್ತರಗಳೂ ಸರಿಯಲ್ಲ. ಔಷಧಿಯೂ ಸೋತಿಲ್ಲ, ಮನುಷ್ಯನೂ ಸೋತಿಲ್ಲ. ಹನ್ನೆರಡು ವಾರಗಳ ಚಿಕಿತ್ಸೆಯೊಂದನ್ನು ಎರಡು ದಿನ ತೆಗೆದುಕೊಂಡು ನಿಲ್ಲಿಸಲಾಗಿದೆ, ಅಷ್ಟೇ. ಕ್ಷಯರೋಗಿಯೊಬ್ಬ ಎರಡು ದಿನ ಮಾತ್ರೆ ನುಂಗಿ ಬಿಟ್ಟು ‘ಗುಣವಾಗಲಿಲ್ಲ’ ಎಂದರೆ ನಾವು ಅವನ ಮನೋಬಲವನ್ನು ಶಂಕಿಸುವುದಿಲ್ಲ, ಉಳಿದ ಮಾತ್ರೆ ಎಲ್ಲಿ ಎಂದು ಕೇಳುತ್ತೇವೆ. ಸಿಗರೇಟಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಬಿಡುವ ಆಸೆ ನಮ್ಮಲ್ಲಿ ಕಡಿಮೆಯೇನೂ ಇಲ್ಲ. 2016–17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 28.6ರಷ್ಟು, ಅಂದರೆ ಸುಮಾರು 26.7 ಕೋಟಿ ಜನ, ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 22.8. ಧೂಮಪಾನ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆಯಲ್ಲಿದ್ದರು. ಹತ್ತರಲ್ಲಿ ಸುಮಾರು ನಾಲ್ವರು ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ಪ್ರಯತ್ನಿಸಿದ್ದರು. ಆದರೆ ಅವರಲ್ಲಿ ಬಹುಪಾಲು ಮಂದಿ ಪ್ರಯತ್ನಿಸಿದ್ದು ಯಾವ ನೆರವೂ ಇಲ್ಲದೆ, ತಮ್ಮಷ್ಟಕ್ಕೆ ತಾವೇ. ಹೀಗೆ ನೆರವಿಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಆರು ತಿಂಗಳೋ ವರ್ಷವೋ ಕಳೆದ ಮೇಲೂ ಬಿಟ್ಟೇ ಇರುವವರು ಮೂವರಿಂದ ಐವರು ಎಂಬುದು ವಿವಿಧ ದೇಶಗಳ ಅಧ್ಯಯನಗಳಿಂದ ತಿಳಿದುಬಂದಿರುವ ಸಂಗತಿ. ತೊಂಬತ್ತೈದು ಜನರನ್ನು ಒಟ್ಟಿಗೆ ದುರ್ಬಲ ಮನಸ್ಸಿನವರೆಂದು ಕರೆಯುವುದಕ್ಕಿಂತ, ಅವರು ಎದುರಿಸುತ್ತಿರುವುದು ಏನನ್ನು ಎಂದು ನೋಡುವುದು ಹೆಚ್ಚು ನ್ಯಾಯ.

ಒಂದು ದಮ್ಮು ಎಳೆದರೆ ಅದರಲ್ಲಿನ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ತಲುಪಲು ಹತ್ತರಿಂದ ಇಪ್ಪತ್ತು ಸೆಕೆಂಡು ಸಾಕು. ಅಲ್ಲಿ ಅದು ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುವಂತೆ ಮಾಡಿ ಕ್ಷಣಕಾಲದ ನೆಮ್ಮದಿ ನೀಡುತ್ತದೆ. ದೇಹದಲ್ಲಿ ನಿಕೋಟಿನ್ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಏಕಾಗ್ರತೆಯ ಕೊರತೆ ಆರಂಭವಾಗುತ್ತವೆ. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ತಣಿಸುತ್ತದೆ. ‘ಟೆನ್ಷನ್ ಕಡಿಮೆಯಾಗುತ್ತದೆ, ಅದಕ್ಕೇ ಸೇದುತ್ತೇನೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಟೆನ್ಷನ್ನಿನ ಬಹುಭಾಗ ಹಿಂದಿನ ಸಿಗರೇಟಿನದೇ ಬಳುವಳಿ. ಪೂರ್ತಿ ನಿಲ್ಲಿಸಿದಾಗ ಈ ಯಾತನೆ ಮೊದಲ ಎರಡು-ಮೂರು ದಿನಗಳಲ್ಲಿ ತುತ್ತತುದಿಗೇರಿ, ಮೂರು-ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಹೆಚ್ಚಿನವರ ಸಂಕಲ್ಪ ಮುರಿಯುವುದು ಆ ಮೊದಲ ವಾರದಲ್ಲಿ.

ಇಲ್ಲಿ ಗಮನಿಸಬೇಕಾದ ಒಂದು ಮುಖ್ಯ ವ್ಯತ್ಯಾಸವಿದೆ. ಚಟ ಹತ್ತಿಸುವುದು ನಿಕೋಟಿನ್, ಆದರೆ ಕೊಲ್ಲುವುದು ಹೊಗೆ. ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಎಪ್ಪತ್ತರಷ್ಟು ಕ್ಯಾನ್ಸರ್‌ಕಾರಕಗಳು. ರಕ್ತದ ಆಮ್ಲಜನಕವನ್ನು ಕಸಿಯುವ ಕಾರ್ಬನ್ ಮೊನಾಕ್ಸೈಡ್ ಬೇರೆ. ಬ್ರಿಟನ್ನಿನ ಮನೋವೈದ್ಯ ಮೈಕೆಲ್ ರಸೆಲ್ ಈ ವ್ಯತ್ಯಾಸವನ್ನು 1976ರಲ್ಲೇ ಎತ್ತಿ ತೋರಿಸಿದ್ದರು. ಹಾಗಾದರೆ ಹೊಗೆಯನ್ನು ಇಂದೇ ನಿಲ್ಲಿಸಿ, ನಿಕೋಟಿನ್ನನ್ನು ಮಾತ್ರ ಸ್ವಲ್ಪ ಕಾಲ, ಕಡಿಮೆ ಪ್ರಮಾಣದಲ್ಲಿ, ನಿಧಾನವಾಗಿ ಕೊಟ್ಟು ಹಂತಹಂತವಾಗಿ ಇಳಿಸಿದರೆ? ನಿಕೋಟಿನ್ ಬದಲಿ ಚಿಕಿತ್ಸೆಯ ತಿರುಳು ಇಷ್ಟೇ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ.

ಇದರ ಹುಟ್ಟಿನ ಕಥೆಯೂ ಸ್ವಾರಸ್ಯಕರ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕ ಕ್ಲಾಸ್ ಲುಂಡ್‌ಗ್ರೆನ್, ಜಲಾಂತರ್ಗಾಮಿಗಳಲ್ಲಿ ಸಿಗರೇಟು ಹಚ್ಚಲಾಗದ ನಾವಿಕರು ಬಾಯಲ್ಲಿಟ್ಟುಕೊಳ್ಳುವ ತಂಬಾಕಿನಿಂದ ಚಪಲ ತೀರಿಸಿಕೊಳ್ಳುತ್ತಿದ್ದುದನ್ನು ಗಮನಿಸಿದರು. ಹೊಗೆಯಿಲ್ಲದೆ ನಿಕೋಟಿನ್ ಕೊಡಲು ಸಾಧ್ಯವೇ ಎಂದು 1967ರಲ್ಲಿ ಹೆಲ್ಸಿಂಗ್‌ಬೋರ್ಗ್‌ನ ಲಿಯೊ ಔಷಧ ಕಂಪನಿಯಲ್ಲಿದ್ದ ಮಿತ್ರ ಊವೆ ಫೆರ್ನೊ ಅವರಿಗೆ ಪತ್ರ ಬರೆದರು. ಒಂದು ಬಗೆಯ ರಾಳಕ್ಕೆ ನಿಕೋಟಿನ್ ಅಂಟಿಸಿ, ಜಗಿದಾಗ ಮಾತ್ರ ಅದು ನಿಧಾನವಾಗಿ ಬಿಡುಗಡೆಯಾಗುವಂತೆ ಫೆರ್ನೊ ಗಮ್ ರೂಪಿಸಿದರು. ಅದಕ್ಕೆ 1978ರಲ್ಲಿ ಸ್ವಿಟ್ಜರ್ಲೆಂಡ್, 1984ರಲ್ಲಿ ಅಮೆರಿಕ ಅನುಮತಿ ನೀಡಿದವು.

ಚರ್ಮಕ್ಕೆ ಅಂಟಿಸುವ ಪ್ಯಾಚ್‌ನ ಮೂಲವಂತೂ ನನಗೆ ಇನ್ನೂ ಹತ್ತಿರದ್ದು. ನನ್ನ ಹುಟ್ಟೂರು ಪಿರಿಯಾಪಟ್ಟಣದ ಕಡೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ಮಣ್ಣಿನಲ್ಲಿ ಸಿಗರೇಟಿನ ತಂಬಾಕು ಬೆಳೆಯುವುದು ಎಲ್ಲರಿಗೂ ತಿಳಿದದ್ದೇ. ಮಳೆಗಾಲದ ಬೆಳಗ್ಗೆ ಒದ್ದೆ ಹೊಗೆಸೊಪ್ಪು ಮುರಿದು, ಕಂಕುಳಲ್ಲಿ ಅವುಚಿಕೊಂಡು ಬ್ಯಾರನ್ನಿಗೆ ಹೊತ್ತು ತರುವ ಆಳುಗಳಿಗೆ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ವಾಂತಿ. ‘ಸೊಪ್ಪಿನ ನಂಜು’ ಎನ್ನುತ್ತಿದ್ದರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ದೇಹ ಸೇರುವುದರಿಂದ ಆಗುವ ಬೇನೆ ಅದು. ಅಮೆರಿಕದ ತಂಬಾಕು ಹೊಲಗಳಲ್ಲೂ ಕೂಲಿಗಳಿಗೆ ಇದೇ ಬೇನೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮರ್ರೆ ಜಾರ್ವಿಕ್ ಅದನ್ನು ಕಂಡು, ಚರ್ಮದ ಮೂಲಕ ಹೋಗುವುದಾದರೆ ಅದನ್ನೇ ಚಿಕಿತ್ಸೆಯಾಗಿಸಬಾರದೇಕೆ ಎಂದು ಯೋಚಿಸಿದರು. ಸಹೋದ್ಯೋಗಿ ಜೆಡ್ ರೋಸ್ ಜೊತೆಗೂಡಿ 1980ರ ದಶಕದಲ್ಲಿ ಮೊದಲು ತಮ್ಮ ಚರ್ಮದ ಮೇಲೆಯೇ ಪ್ರಯೋಗಿಸಿಕೊಂಡರು. ನಮ್ಮೂರಿನ ಕೂಲಿಗಳನ್ನು ಮಲಗಿಸುತ್ತಿದ್ದ ನಂಜೇ ಬೇರೆಲ್ಲೋ ಔಷಧಿಯ ಬೀಜವಾಯಿತು.

ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 130ಕ್ಕೂ ಹೆಚ್ಚು ಪ್ರಯೋಗಗಳನ್ನು, 64 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು. ನಿಕೋಟಿನ್ ಬದಲಿ ಚಿಕಿತ್ಸೆ ಬಿಡುವ ಸಾಧ್ಯತೆಯನ್ನು ಸುಮಾರು ಶೇ 50ರಿಂದ 60ರಷ್ಟು ಹೆಚ್ಚಿಸುತ್ತದೆ ಎಂಬುದು ಅದರ ನಿರ್ಣಯ. ಚಿಕಿತ್ಸೆಯಿಲ್ಲದೆ ಹತ್ತು ಜನ ಬಿಡುವ ಕಡೆ ಚಿಕಿತ್ಸೆಯಿಂದ ಹದಿನೈದು-ಹದಿನಾರು ಜನ ಬಿಡುತ್ತಾರೆ. ದಿನವಿಡೀ ಸಮನಾಗಿ ನಿಕೋಟಿನ್ ಒದಗಿಸುವ ಪ್ಯಾಚ್ ಹಾಗೂ ದಿಢೀರ್ ಚಪಲ ಎದ್ದಾಗ ಬಳಸುವ ಗಮ್, ಇವೆರಡನ್ನೂ ಜೊತೆಯಾಗಿ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಫಲಿತಾಂಶ ಇನ್ನೂ ಉತ್ತಮ. ಇದು ಪವಾಡವಲ್ಲ. ಚಿಕಿತ್ಸೆ ಪಡೆದವರಲ್ಲೂ ಹೆಚ್ಚಿನವರು ಮೊದಲ ಸಲ ವಿಫಲರಾಗುತ್ತಾರೆ. ಆದರೆ ಕೋಟ್ಯಂತರ ಜನ ಸೇದುವ ದೇಶದಲ್ಲಿ ನೂರಕ್ಕೆ ಐದಾರು ಜನ ಹೆಚ್ಚಾಗಿ ಬಿಟ್ಟರೂ ಉಳಿಯುವ ಜೀವಗಳ ಲೆಕ್ಕ ಲಕ್ಷಗಳಲ್ಲಿ.

ಈಗ ನನ್ನ ಅಂಗಡಿಯ ಮಾತಿಗೆ ಬರುತ್ತೇನೆ. ಗಮ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಹಣ ಕೊಟ್ಟವರು ಅಲ್ಲಿಯೇ ಒಂದನ್ನು ಬಾಯಿಗೆ ಹಾಕಿ ಬಬಲ್‌ಗಮ್ಮಿನಂತೆ ಜಗಿಯತೊಡಗುತ್ತಾರೆ. ಜೋರಾಗಿ ಜಗಿದರೆ ನಿಕೋಟಿನ್ ಒಮ್ಮೆಗೇ ಬಿಡುಗಡೆಯಾಗಿ ಎಂಜಲಿನೊಡನೆ ಹೊಟ್ಟೆ ಸೇರುತ್ತದೆ. ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತವೆ, ಚಪಲ ಮಾತ್ರ ಹಾಗೆಯೇ ಉಳಿಯುತ್ತದೆ. ಸರಿಯಾದ ವಿಧಾನವೆಂದರೆ ನಾಲಗೆಗೆ ಖಾರ ಅಥವಾ ಚುರುಚುರು ಎನಿಸುವವರೆಗೆ ಮೆಲ್ಲನೆ ಕೆಲವು ಬಾರಿ ಜಗಿದು, ನಂತರ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳುವುದು. ಚುರುಚುರು ಅಡಗಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ತಂಬಾಕು ಜಗಿಯುವ ಹಳಬರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಎಲೆಯಡಿಕೆಯನ್ನು ಒತ್ತರಿಸಿಟ್ಟುಕೊಂಡಂತೆ ಎಂದರೆ ಅವರಿಗೆ ತಿಳಿಯುತ್ತದೆ.

ಎರಡನೆಯ ತೊಡಕು ಕಾಫಿ. ಹೊಗೆಸೊಪ್ಪಿಗೆ ಸುಣ್ಣ ಬೆರೆಸಿ ಉಜ್ಜುವುದೇಕೆಂದು ಎಂದಾದರೂ ಯೋಚಿಸಿದ್ದೀರಾ? ಬಾಯಿ ಕ್ಷಾರೀಯವಾಗಿದ್ದಾಗ ನಿಕೋಟಿನ್ ಕೆನ್ನೆಯ ಒಳಪೊರೆಯ ಮೂಲಕ ಸಲೀಸಾಗಿ ರಕ್ತ ಸೇರುತ್ತದೆ. ಗಮ್ ತಯಾರಿಕೆಯಲ್ಲೂ ಇದೇ ಉದ್ದೇಶಕ್ಕೆ ಕ್ಷಾರೀಯ ಲವಣ ಸೇರಿಸಿರುತ್ತಾರೆ. ಕಾಫಿ, ಹಣ್ಣಿನ ರಸ, ತಂಪು ಪಾನೀಯಗಳು ಆಮ್ಲೀಯ. ಅವು ಈ ವ್ಯವಸ್ಥೆಯನ್ನು ಕೆಡಿಸುತ್ತವೆ. ಗಮ್ ಹಾಕಿಕೊಳ್ಳುವ ಹದಿನೈದು ನಿಮಿಷ ಮೊದಲು ಹಾಗೂ ಅದು ಬಾಯಲ್ಲಿರುವಷ್ಟು ಹೊತ್ತು ನೀರಿನ ಹೊರತು ಏನನ್ನೂ ಕುಡಿಯಬಾರದು. ಬೈ-ಟು ಕಾಫಿ ಮತ್ತು ಸಿಗರೇಟು ಅವಳಿಗಳಾಗಿರುವ ಈ ಊರಿನಲ್ಲಿ ಸಿಗರೇಟಿನ ಜಾಗಕ್ಕೆ ಗಮ್ ತಂದವರು ಕಾಫಿಯ ಜೊತೆಗೇ ಅದನ್ನು ಜಗಿದರೆ ಫಲ ಸಿಗುವುದಾದರೂ ಹೇಗೆ?

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಪ್ರಮಾಣ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನ್ನುವವರ ಅವಲಂಬನೆ ಹೆಚ್ಚು. ಅವರಿಗೆ 4 ಮಿಲಿಗ್ರಾಂನ ಗಮ್ ಬೇಕಾಗುತ್ತದೆ. ಉಳಿದವರಿಗೆ 2 ಮಿಲಿಗ್ರಾಂ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ ದಿನಕ್ಕೆ ಕನಿಷ್ಠ ಒಂಬತ್ತು. ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು. ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಕೂಡಿ ನೋಡಿದರೆ ಐನೂರಕ್ಕೂ ಹೆಚ್ಚು ಗಮ್ ಬೇಕು. ನಮ್ಮ ಜನ ಕೊಳ್ಳುವುದು ಹತ್ತು. ಅದನ್ನೂ ‘ತೀರಾ ತಡೆಯಲಾಗದಿದ್ದಾಗ ಮಾತ್ರ’ ಎಂದು ಜೇಬಿನಲ್ಲಿಟ್ಟುಕೊಂಡು, ಔಷಧಿಯನ್ನು ಎಷ್ಟು ಕಡಿಮೆ ತೆಗೆದುಕೊಂಡರೆ ಅಷ್ಟು ಮರ್ಯಾದೆ ಎಂಬಂತೆ ಉಳಿಸುತ್ತಾರೆ.

ನಮ್ಮ ಬಡಾವಣೆಯ ಬಸ್ ಚಾಲಕರೊಬ್ಬರ ಉದಾಹರಣೆ ಹೇಳಬಹುದು. ಇಪ್ಪತ್ತು ವರ್ಷಗಳಿಂದ ದಿನಕ್ಕೆ ಒಂದು ಪ್ಯಾಕು. ಎರಡು ಸಲ ಬಿಟ್ಟು ಎರಡು ಸಲವೂ ವಾರದೊಳಗೆ ಮತ್ತೆ ಹಿಡಿದಿದ್ದರು. ಮನೆಯಲ್ಲಿ ಮಾತುಕತೆಯೇ ನಿಂತು ಹೋಗುವಷ್ಟು ಸಿಡುಕು. ಮೂರನೆಯ ಸಲ ವೈದ್ಯರು 21 ಮಿಲಿಗ್ರಾಂನ ಪ್ಯಾಚ್ ಹಾಗೂ ಜೊತೆಗೆ ಗಮ್ ಬರೆದುಕೊಟ್ಟರು. ಆರು ವಾರದ ನಂತರ 14, ಮತ್ತೆರಡು ವಾರದ ನಂತರ 7 ಮಿಲಿಗ್ರಾಂಗೆ ಇಳಿಸುತ್ತಾ ಬಂದರು. ಅವರು ಪ್ರತಿ ಸೋಮವಾರ ಬಂದು ಆ ವಾರಕ್ಕೆ ಬೇಕಾದಷ್ಟನ್ನು ಲೆಕ್ಕ ಹಾಕಿ ಒಯ್ಯುತ್ತಿದ್ದರು. ಐದನೆಯ ವಾರ ಡಿಪೊದಲ್ಲಿ ಯಾರೋ ಕೊಟ್ಟ ಒಂದು ಸಿಗರೇಟು ಸೇದಿದ್ದರಂತೆ. ಚಿಕಿತ್ಸೆ ಮಾತ್ರ ನಿಲ್ಲಿಸಲಿಲ್ಲ. ಈಗ ನಾಲ್ಕನೆಯ ವರ್ಷ. ‘ಹಿಂದಿಗಿಂತ ನಾನೇನು ಗಟ್ಟಿಯಾಗಿಲ್ಲ ಸಾರ್, ಈ ಸಲ ಕಷ್ಟ ಕಡಿಮೆ ಇತ್ತು’ ಎಂದು ಅವರು ಹೇಳಿದ ಮಾತು ಈ ಚಿಕಿತ್ಸೆಗೆ ನಾನು ಕೇಳಿರುವ ಅತ್ಯಂತ ಪ್ರಾಮಾಣಿಕ ಪ್ರಶಂಸೆ.

ಆಕ್ಷೇಪಗಳಿಲ್ಲವೆಂದಲ್ಲ. ಒಂದು ಚಟ ಬಿಡಿಸಿ ಇನ್ನೊಂದನ್ನು ಹತ್ತಿಸಿದಂತಾಗಲಿಲ್ಲವೇ ಎಂದು ಹಲವರು ಕೇಳುತ್ತಾರೆ. 2 ಮಿಲಿಗ್ರಾಂನ ಗಮ್‌ನಿಂದ ದೇಹಕ್ಕೆ ದಕ್ಕುವುದು ಅದರ ಅರ್ಧದಷ್ಟು, ಅದೂ ಅರ್ಧ ಗಂಟೆಯ ಅವಧಿಯಲ್ಲಿ. ಸೆಕೆಂಡುಗಳಲ್ಲಿ ಮಿದುಳಿಗೆ ಅಪ್ಪಳಿಸುವ ಹೊಗೆಗಿರುವ ಸೆಳೆತ ಇದಕ್ಕಿಲ್ಲ. ಕೆಲವರು ಹನ್ನೆರಡು ವಾರ ಮೀರಿಯೂ ಗಮ್ ಮುಂದುವರಿಸುತ್ತಾರೆ ನಿಜ. ಆದರೂ ಅದು ಸಿಗರೇಟಿಗಿಂತ ಎಷ್ಟೋ ಪಾಲು ವಾಸಿ. ಹೃದಯಕ್ಕೆ ಅಪಾಯವಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಸ್ಥಿರವಾಗಿರುವ ಹೃದ್ರೋಗಿಗಳಲ್ಲಿ ಇದು ಗಂಭೀರ ತೊಂದರೆ ಹೆಚ್ಚಿಸುವುದಿಲ್ಲವೆಂದು ಅಧ್ಯಯನಗಳು ಹೇಳುತ್ತವೆ. ಆದರೆ ಈಚೆಗಷ್ಟೇ ಹೃದಯಾಘಾತವಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಎಂದೂ ಸೇದದ ಹುಡುಗರು ಮೋಜಿಗೆಂದು ಗಮ್ ಕೇಳಿದರೆ ಕೊಡಲೇಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. 2019ರಲ್ಲಿ ದೇಶದಾದ್ಯಂತ ನಿಷೇಧಗೊಂಡ ಇ-ಸಿಗರೇಟನ್ನು ಈ ಔಷಧಿಗಳ ಸಾಲಿಗೆ ಸೇರಿಸುವುದೂ ಸಲ್ಲದು.

ನಿಜವಾದ ಅಡ್ಡಿ ಇರುವುದು ಹಣದಲ್ಲಿ. ಹನ್ನೆರಡು ವಾರಗಳ ಚಿಕಿತ್ಸೆಯ ಖರ್ಚನ್ನು ದಿನಕ್ಕೊಂದು ಪ್ಯಾಕು ಸಿಗರೇಟು ಸೇದುವ ನೌಕರ ಹೇಗೋ ಸರಿದೂಗಿಸಿಕೊಳ್ಳಬಹುದು. ಆದರೆ ನಮ್ಮ ದೇಶದಲ್ಲಿ ಸಿಗರೇಟು ಸೇದುವವರಿಗಿಂತ ಬೀಡಿ ಸೇದುವವರೇ ಹೆಚ್ಚು. ಒಂದು ಗಮ್‌ನ ಬೆಲೆಗೆ ಹಲವು ಬೀಡಿ ಸಿಗುವಾಗ ಗಾರೆ ಕೆಲಸದವನಿಗೆ ನಾವು ಯಾವ ಮುಖದಿಂದ ಉಪದೇಶಿಸಬೇಕು? ವಿಶ್ವ ಆರೋಗ್ಯ ಸಂಸ್ಥೆ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2009ರಲ್ಲಿ. ಭಾರತದ ರಾಷ್ಟ್ರೀಯ ಪಟ್ಟಿಗೆ ಅದು ಸೇರಿದ್ದು 2022ರಲ್ಲಿ. ಪಟ್ಟಿಯಲ್ಲಿದ್ದರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಅದು ಪೂರ್ಣ ಅವಧಿಗೆ ಸಿಗಬೇಕು. ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ಉಚಿತವಾಗಿ ಕೊಡುವ ಸರ್ಕಾರಕ್ಕೆ, ಕ್ಷಯವನ್ನೂ ಹೃದ್ರೋಗವನ್ನೂ ಕ್ಯಾನ್ಸರನ್ನೂ ಹೆಚ್ಚಿಸುವ ಚಟಕ್ಕೆ ಹನ್ನೆರಡು ವಾರ ಔಷಧಿ ಕೊಡುವುದು ಹೊರೆಯಾಗಬಾರದು. ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯ ಅಂಕಿತ ಪಡೆದು, ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ವಿಧಿಸುವ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿದೆ. ಆ ಹಣದಲ್ಲಿ ಒಂದು ಪಾಲನ್ನು ಬಿಡಬಯಸುವವರ ಔಷಧಿಗೆ ಮೀಸಲಿಟ್ಟರೆ ದಂಡಕ್ಕೂ ಒಂದು ಅರ್ಥ ಬಂದೀತು.

ಔಷಧಿಯ ಜೊತೆ ಮಾತೂ ಬೇಕು. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಆರಂಭವಾದದ್ದು 2016ರಲ್ಲಿ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಹ ಅದರ ಕೇಂದ್ರಗಳಲ್ಲಿ ಒಂದು. ಸಿಗರೇಟು ಪ್ಯಾಕಿನ ಮೇಲೆಯೇ ಮುದ್ರಿತವಾಗಿರುವ ಈ ಸಂಖ್ಯೆಗೆ ಕರೆ ಮಾಡಲು ಹಣ ಬೇಕಿಲ್ಲ. ತಂಬಾಕು ಜಗಿಯುವವರಿಗಂತೂ ಇಂಥ ಆಪ್ತ ಸಮಾಲೋಚನೆ ಇನ್ನೂ ಮುಖ್ಯ, ಏಕೆಂದರೆ ಅವರ ವಿಷಯದಲ್ಲಿ ಗಮ್ ಮತ್ತು ಪ್ಯಾಚ್‌ಗಳ ಪರಿಣಾಮಕ್ಕೆ ಸಾಕ್ಷ್ಯ ಅಷ್ಟು ಬಲವಾಗಿಲ್ಲ. ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ. ಇನ್ನು ನನ್ನ ವೃತ್ತಿಬಾಂಧವರಲ್ಲಿ ಒಂದು ಕೋರಿಕೆ. ಹೇಗೆ ಜಗಿಯಬೇಕು, ಕಾಫಿ ಏಕೆ ಬೇಡ, ಎಷ್ಟು ವಾರ ಬೇಕು ಎಂಬ ಮೂರು ಮಾತು ಹೇಳಲು ಎರಡು ನಿಮಿಷ ಸಾಕು. ಚಿಲ್ಲರೆ ಎಣಿಸುವಾಗಲೇ ಹೇಳಿ ಮುಗಿಸಬಹುದು.

ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಕಾಲ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ 2004ರ ವರದಿಯ ಪ್ರಕಾರ, ಮೂವತ್ತರ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ಹತ್ತು ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ಆರು ವರ್ಷ, ಅರವತ್ತರಲ್ಲಿ ಬಿಟ್ಟವರಿಗೂ ಮೂರು ವರ್ಷ ಆಯುಷ್ಯ ಹೆಚ್ಚು ಸಿಗುತ್ತದೆ. ಮೂರು ವರ್ಷವೆಂದರೆ ಮೊಮ್ಮಗುವಿನ ಮೊದಲ ಮಾತನ್ನೂ ಶಾಲೆಯ ಮೊದಲ ದಿನವನ್ನೂ ಕಾಣುವಷ್ಟು ಕಾಲ. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಒಂದು ಸ್ಟ್ರಿಪ್ ಗಮ್ ತಂದಿಟ್ಟುಕೊಂಡಿರುವುದು ಕಂಡರೆ ‘ಈ ಸಲವಾದರೂ ಬಿಡ್ತೀರಾ?’ ಎಂದು ಚುಚ್ಚಬೇಡಿ. ದಿನಕ್ಕೆ ಎಷ್ಟು ಬೇಕೆಂದು ಕೇಳಿ, ಉಳಿದದ್ದನ್ನು ನೀವೇ ತಂದುಕೊಡಿ.